ಮಳೆಯ ಊರಿನಲ್ಲಿ ವೈಪರಿಲ್ಲದ ಶೋಕಿ

ವಾಚನಾಲಯದ ಪುಸ್ತಕಕ್ಕೆ ನಿಮ್ಮದೂ ಒಂದು ಲೇಖನ ಬೇಕು ಅಂತ ಮಾಷ್ಟ್ರು ಮನೆಗೆ ಬಂದು ಹೇಳಿದಾಗ, ನಾನು ಪಾಡ್ದನದ ಬಗ್ಗೆಯೋ ನೇಜಿ ನೆಡುವಾಗಿನ ಓಬೇಲೆಯ ಬಗ್ಗೆಯೋ ಬರೆದೇನು ಎಂದು ಅವರು ಎಣಿಸಿದ್ದರು. ಅದನ್ನು ಹಾಡಿ ತೋರಿಸಬಹುದು, ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ. ಓದಿದ್ದು ಏಳನೇ ಕ್ಲಾಸು. ಈಗ ಬರೆಯುತ್ತಿರುವುದು ಹಳೆ ಕಾರಿನ ವೈಪರಿನ ಬಗ್ಗೆ. ನಗಬೇಡಿ. ಆ ವೈಪರ್ ತಿರುಗದೆ ಒಬ್ಬರು ಹೆಂಗಸಿನ ಬಲಗೈ ಮುರಿದಿದೆ. ಆ ಕಾರಿನ ಎದುರು ಸೀಟಿನಲ್ಲಿ ಕೂತಿದ್ದವ ನಾನೇ.

ಕಾರು ನನ್ನ ಭಾವನದ್ದು. 1976ರ ಅಂಬಾಸಿಡರ್, ಮಾರ್ಕ್ ಮೂರು. ಬಿಳಿ ಬಣ್ಣ, ಈಚೆಗೆ ಪುನಃ ಪೈಂಟ್ ಮಾಡಿಸಿದ್ದು. ಈಗ ಮದುವೆಗೆ ಹಳೆ ಕಾರು ಬೇಕು ಎಂಬ ಹೊಸ ಮರ್ಲು ಉಂಟಲ್ಲ, ಹಾಗೆ ಭಾವನ ಕಾರಿಗೆ ಬೇಡಿಕೆಯೋ ಬೇಡಿಕೆ. ಬಾನೆಟ್ಟಿಗೆ ಸೇವಂತಿಗೆ ಮಾಲೆ, ಬಂಪರಿಗೆ ಪಾಲಿಶು, ಒಳಗೆ ಸೀಟಿಗೆ ಬಿಳಿ ಬಟ್ಟೆ. ಫೋಟೋದವರು ಕಾರನ್ನು ಮುಂದಿನಿಂದ, ಹಿಂದಿನಿಂದ, ಡ್ರೋನಿನಿಂದ ತೆಗೆಯುತ್ತಾರೆ. ಯಾರೂ ಒಮ್ಮೆ ವೈಪರಿನ ಸ್ವಿಚ್ಚು ಎಳೆದು ನೋಡಿದ್ದಿಲ್ಲ. ಮದುವೆಯೆಲ್ಲ ಬೇಸಗೆಯಲ್ಲಿ ತಾನೇ ಆಗುವುದು, ಮತ್ತೆ ವೈಪರು ಯಾಕೆ ಅಂತ.

ಆ ಮದುವೆ ಬೇಶ ತಿಂಗಳ ಕೊನೆಗೆ ಆಯಿತು. ಪತ್ತನಾಜೆ ಕಳೆದು ಎರಡು ವಾರ. ದಿಬ್ಬಣ ಬಿಟ್ಟು ರಾತ್ರಿ ನಾವು ಪೈವಳಿಕೆ ಕಡೆಯಿಂದ ಉಪ್ಪಳಕ್ಕೆ ಇಳಿಯುತ್ತಾ ಇದ್ದೆವು. ಗಾಡಿ ಬಿಡುತ್ತಿದ್ದದ್ದು ನನ್ನ ತಂಗಿಯ ಮಗ. ಮಳೆ ಹನಿಯಿತು. ವೈಪರ್ ಎರಡು ಸರ್ತಿ ಆಚೆ ಈಚೆ ಹೋಯಿತು, ಮೂರನೆಯದಕ್ಕೆ ನಡು ಗ್ಲಾಸಿನಲ್ಲಿ ನಿಂತಿತು. ಅವನು ಗಾಡಿ ಬದಿಗೆ ನಿಲ್ಲಿಸಿ, "ಮಾವ, ಒಂದು ಬೀಡಿ ಕೊಡಿ" ಎಂದ. ಬೀಡಿ ಬಿಡಿಸಿ ಹೊಗೆಸೊಪ್ಪಿನ ಪುಡಿಯನ್ನು ಗ್ಲಾಸಿಗೆ ತಿಕ್ಕಿದ. ಹಾಗೆ ತಿಕ್ಕಿದರೆ ನೀರು ಹನಿಹನಿಯಾಗಿ ನಿಲ್ಲದೆ ಪರೆಯ ಹಾಗೆ ಇಳಿಯುತ್ತದೆ, ಒಂದಷ್ಟು ಹೊತ್ತು ಕಾಣುತ್ತದೆ. ಈ ಉಪಾಯ ಅವನಿಗೆ ಕಲಿಸಿದವನೂ ನಾನೇ. ಎದುರಿನಿಂದ ಒಂದು ಲಾರಿ ಬಂತು, ಅದರ ಲೈಟು ಗ್ಲಾಸಿನ ನೀರಿಗೆ ಬಡಿದು ಇಡೀ ಗ್ಲಾಸು ಬೆಳ್ಳಗಾಯಿತು. ಅವನು ಎಡಕ್ಕೆ ತಿರುಗಿಸಿದ. ಎಡಗಡೆ ಕೊಡೆ ಹಿಡಿದುಕೊಂಡು ಒಬ್ಬರು ಹೆಂಗಸು ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದರು. ಕಾರು ಚರಂಡಿಗೆ ಇಳಿಯಿತು. ಅವರಿಗೆ ಕನ್ನಡಿಯ ಕಡೆ ತಾಗಿತು ಮಾತ್ರ, ಹಾಗಾಗಿ ಜೀವ ಉಳಿಯಿತು. ಕೈಯ ಎಲುಬು ಎರಡು ಕಡೆ ಮುರಿಯಿತು. ಅವರು ಬೀಡಿ ಕಟ್ಟಿ ಮನೆ ನಡೆಸುವವರು. ಆ ಮಳೆಗಾಲವಿಡೀ ಅವರಿಗೆ ಬೀಡಿ ಕಟ್ಟಲಿಕ್ಕೆ ಆಗಲಿಲ್ಲ. ಇದಕ್ಕಿಂತ ಹೆಚ್ಚಿಗೆ ನಾನು ಎಂತ ಹೇಳಲಿ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ವೈಪರ್ ಕೆಟ್ಟಿದೆ ಅಂತ ನಮಗೆ ಗೊತ್ತಿರಲಿಲ್ಲವೋ? ಗೊತ್ತಿತ್ತು. ಮದುವೆಗೆ ಮೂರು ದಿನ ಮುಂಚೆ ನಾನೂ ಭಾವನೂ ಕಾರನ್ನು ಒಂದು ಗ್ಯಾರೇಜಿಗೆ ಕೊಂಡುಹೋಗಿದ್ದೆವು. ಅಲ್ಲಿಯ ಹುಡುಗ ಟೆಸ್ಟರ್ ಬಲ್ಬು ಹಿಡಿದ. ಕೀ ಹಾಕಿದ, ವೈಪರ್ ಸ್ವಿಚ್ಚು ಬಂದ್ ಇಟ್ಟ, ಮೋಟರಿನ ಒಂದು ವಯರಿಗೆ ಮುಟ್ಟಿಸಿದ, ಬಲ್ಬು ಉರಿಯಿತು. ಇನ್ನೊಂದಕ್ಕೆ ಮುಟ್ಟಿಸಿದ, ಅದೂ ಉರಿಯಿತು. "ನೋಡಿ ಅಜ್ಜ, ಸ್ವಿಚ್ಚು ಬಂದ್ ಇದ್ದರೂ ಕರೆಂಟು ಬರ್ತಾ ಉಂಟು. ಒಳಗೆ ಶಾರ್ಟು. ಮೋಟರು ಹೋಗಿದೆ. ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ. ಬೇರೆ ಗಾಡಿಯ ಮೋಟರು ತಂದು ವೆಲ್ಡಿಂಗ್ ಮಾಡಿ ಕೂರಿಸಬೇಕು" ಎಂದ. ಹೇಳಿದ ರೇಟು ಕೇಳಿ ಭಾವ, "ಮದುವೆ ಒಂದು ಕಳೆಯಲಿ" ಎಂದರು. ನಾನು ಹೂಂ ಅಂದೆ.

ಶಾರ್ಟ್ ಇರಲಿಲ್ಲ. ಮೋಟರು ಹೋಗಿರಲಿಲ್ಲ. ಆ ಕಾಲದ ಗಾಡಿಯ ವಯರಿಂಗಿನ ಕ್ರಮವೇ ಹಾಗೆ. ಈಗಿನ ನಮ್ಮ ಮನೆಯ ಸ್ವಿಚ್ಚು ಬರುವ ಕರೆಂಟನ್ನು ತಡೆಯುತ್ತದೆ. ಆ ಕಾರಿನ ವೈಪರ್ ಸ್ವಿಚ್ಚು ಹೋಗುವ ಕರೆಂಟನ್ನು ತಡೆಯುತ್ತದೆ. ಅಂದರೆ ಕೀ ಹಾಕಿದ ಕೂಡಲೇ ಫ್ಯೂಸಿನಿಂದ ಹಸಿರು ವಯರಿನಲ್ಲಿ ಕರೆಂಟು ಬಂದು ಮೋಟರಿನ ಬಾಗಿಲಲ್ಲಿ ಕೂತಿರುತ್ತದೆ. ಮೋಟರಿನ ಒಳಗಿನ ಸುತ್ತನ್ನು ದಾಟಿ ಇನ್ನೊಂದು ವಯರಿಗೂ ಬಂದಿರುತ್ತದೆ. ಆಚೆ ಹೋಗಲಿಕ್ಕೆ ದಾರಿ ಇಲ್ಲದ್ದಕ್ಕೆ ಮೋಟರು ತಿರುಗುವುದಿಲ್ಲ. ಸ್ವಿಚ್ಚು ಎಳೆದರೆ ಆ ಎರಡನೇ ವಯರು ಬಾಡಿಗೆ, ಅಂದರೆ ಅರ್ತಿಗೆ ಸೇರುತ್ತದೆ, ಮೋಟರು ತಿರುಗುತ್ತದೆ. ಹಾಗಿರುವಾಗ ಸ್ವಿಚ್ಚು ಬಂದ್ ಇದ್ದಾಗ ಎರಡೂ ಕಡೆ ಬಲ್ಬು ಉರಿದರೆ ಅದು ಮೋಟರಿನ ಸುತ್ತು ಸರಿ ಇದೆ ಎಂಬುದಕ್ಕೆ ಸಾಕ್ಷಿ! ಸಾಕ್ಷಿ ಹೇಳಿದವನನ್ನೇ ಕಳ್ಳ ಎಂದು ಹಿಡಿದ ಹಾಗೆ ಆಯಿತು.

ಇದು ನನಗೆ ಗೊತ್ತಿತ್ತು ಎಂಬುದು ನನ್ನ ನಾಚಿಕೆ. ನಾನು ಹದಿನೇಳು ಹದಿನೆಂಟರ ಪ್ರಾಯದಲ್ಲಿ ಉಪ್ಪಳದಿಂದ ಬಾಯಾರು ಕಡೆಗೆ ಹೋಗುವ ಬಾಡಿಗೆ ಜೀಪಿನಲ್ಲಿ ಕ್ಲೀನರ್ ಆಗಿದ್ದವ. ಡ್ರೈವರ್ ನಮ್ಮ ಉಪ್ಪಳದ ಉರ್ದು ಮಾತಾಡುವ ಸಾಹೇಬರು ಒಬ್ಬರು. ಅದು ಹಳೆ ಪೆಟ್ರೋಲ್ ಜೀಪು. ಅದರ ವೈಪರಿಗೆ ಕರೆಂಟೇ ಇಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯಿಂದ ಒಂದು ರಬ್ಬರ್ ಪೈಪು ಬಂದು ಗ್ಲಾಸಿನ ಮೇಲಿನ ಡಬ್ಬಿಗೆ ಸೇರುತ್ತಿತ್ತು, ಆ ಎಳೆತಕ್ಕೆ ವೈಪರ್ ಆಡುತ್ತಿತ್ತು. ಎಕ್ಸಲೇಟರ್ ಬಿಟ್ಟಾಗ ಬಡಬಡ ಹೊಡೆದುಕೊಳ್ಳುತ್ತದೆ. ಚಡಾವಿನಲ್ಲಿ ಎಕ್ಸಲೇಟರ್ ಒತ್ತಿದಾಗ ಎಳೆತ ಕಮ್ಮಿಯಾಗಿ ನಿಲ್ಲುತ್ತದೆ. ಮಳೆಗೆ ಗುಡ್ಡೆ ಹತ್ತುವಾಗ ಬೇಕಾದದ್ದೇ ಅದು, ಆಗಲೇ ಅದಕ್ಕೆ ಜೀವ ಇಲ್ಲ. ಅದಕ್ಕಾಗಿ ಒಳಗಡೆ ಒಂದು ಸಣ್ಣ ಹಿಡಿ ಇತ್ತು, ಕೈಯಿಂದ ಆಡಿಸಲಿಕ್ಕೆ. ಆ ಹಿಡಿ ಆಡಿಸುವುದೇ ನನ್ನ ಕೆಲಸ. ಸಾಹೇಬರು, "ತಮ್ಮಾ, ನಿನ್ನ ಹಾಡು ನಿಲ್ಲಲಿ, ಕೈ ನಿಲ್ಲುವುದು ಬೇಡ" ಎನ್ನುತ್ತಿದ್ದರು. ಪ್ರತಿ ವರ್ಷ ಪತ್ತನಾಜೆಗೆ ಒಂದು ವಾರ ಮುಂಚೆ ಅವರು ಜೀಪಿನ ವೈಪರ್, ಲೈಟು, ಬ್ರೇಕು ಬಿಚ್ಚಿ ಹಾಕಿ ಸರಿ ಮಾಡುತ್ತಿದ್ದರು. ಆಮೇಲೆ ಅವರು ಅಂಬಾಸಿಡರ್ ಟ್ಯಾಕ್ಸಿ ತೆಗೆದುಕೊಂಡರು. ಅರ್ತಿನ ಪಾಠ ನಾನು ಕಲಿತದ್ದು ಆ ಕಾರಿನ ಡ್ಯಾಶಿನ ಅಡಿಯಲ್ಲಿ ಬೆನ್ನಿನ ಮೇಲೆ ಮಲಗಿ.

ಕಲಿತವ ಗ್ಯಾರೇಜಿನಲ್ಲಿ ಬಾಯಿ ಮುಚ್ಚಿ ನಿಂತೆ. ಯಾಕೆಂದರೆ ಹುಡುಗನ ಕೈಯಲ್ಲಿ ಹೊಸ ನಮೂನೆಯ ಮೀಟರು ಇತ್ತು, ಅಂಗಿಯ ಮೇಲೆ ಹೆಸರು ಹೊಲಿದಿತ್ತು. ನಾನು ಮುಂಡು ಉಟ್ಟವ.

ಕಾರು ಚರಂಡಿಯಿಂದ ಮೇಲೆ ಬಂದ ನಾಲ್ಕನೇ ದಿನ ಭಾವನ ಅಂಗಳದಲ್ಲಿ ನಾನೇ ಕೂತೆ. ಮೊದಲು ಕಿವಿ. ಮೋಟರು ಗುಂಯ್ ಎಂದು ತಿರುಗುತ್ತಾ ಕಡ್ಡಿ ಅಲ್ಲಾಡದಿದ್ದರೆ ದೋಷ ಹಲ್ಲಿನ ಚಕ್ರದಲ್ಲಿಯೋ ಕಡ್ಡಿಯ ಬುಡದಲ್ಲಿಯೋ. ಮೋಟರಿನ ಶಬ್ದವೇ ಇಲ್ಲದಿದ್ದರೆ ಫ್ಯೂಸು, ವಯರು, ಸ್ವಿಚ್ಚು, ಕಾರ್ಬನ್. ನರಳುತ್ತಾ ನರಳುತ್ತಾ ನಿಧಾನಕ್ಕೆ ಹೋಗಿ ನಿಂತರೆ ಒಂದೋ ಗ್ರೀಸು ಒಣಗಿದೆ, ಇಲ್ಲವೋ ಅರ್ತ್ ಸರಿ ಇಲ್ಲ. ಸ್ವಿಚ್ಚು ಬಂದ್ ಮಾಡಿದಾಗ ಕಡ್ಡಿ ಕೆಳಗೆ ಬಂದು ಮಲಗದೆ ನಡುವಲ್ಲೇ ನಿಂತರೆ ಗೇರಿನ ಡಬ್ಬಿಯೊಳಗೆ ಇರುವ ನಿಲುಗಡೆಯ ಸಣ್ಣ ಸ್ವಿಚ್ಚಿನದ್ದು. ತಾಳ ತಪ್ಪಿದ್ದು ಎಲ್ಲಿ ಅಂತ ಹಾಡುವವನಿಗೆ ಗೊತ್ತಾಗುವ ಹಾಗೆಯೇ ಇದು. ಭಾವನ ಕಾರಿನದ್ದು ನರಳುವ ಜಾತಿ.

ಗ್ಲಾಸಿಗೆ ನೀರು ಹೊಯ್ದೆ. ಒಣ ಗ್ಲಾಸಿನಲ್ಲಿ ವೈಪರ್ ಓಡಿಸಿ ಪರೀಕ್ಷೆ ಮಾಡುವುದು ತಪ್ಪು, ಮೋಟರಿಗೂ ಭಾರ, ಗ್ಲಾಸಿಗೂ ಗೀರು. ಸ್ವಿಚ್ಚಿನಿಂದ ಬಾಡಿಗೆ ಹೋಗುವ ಕರಿ ವಯರಿನ ತುದಿಗೆ ಒಂದು ದಪ್ಪ ವಯರು ಸಿಕ್ಕಿಸಿ ಸೀದಾ ಬ್ಯಾಟರಿಯ ಅರ್ತಿಗೆ ಮುಟ್ಟಿಸಿದೆ. ವೈಪರ್ ಎದ್ದು ಓಡಿತು! ಇಲ್ಲಿ ಒಂದು ಮಾತು ಗಮನಿಸಬೇಕು. ಅದೇ ಜಾಗದಲ್ಲಿ ಟೆಸ್ಟರ್ ಬಲ್ಬು ಹಿಡಿದಾಗ ಬಲ್ಬು ಚೆನ್ನಾಗಿಯೇ ಉರಿದಿತ್ತು. ಸಣ್ಣ ಬಲ್ಬಿಗೆ ಬೇಕಾದಷ್ಟು ಕರೆಂಟು ಕಿಲುಬಿನ ಎಡೆಯಿಂದಲೂ ನುಸುಳುತ್ತದೆ, ಮೋಟರಿಗೆ ಅದು ಸಾಲುವುದಿಲ್ಲ. ಬಲ್ಬು ನಂಬಿ ಅರ್ತ್ ಸರಿ ಇದೆ ಎನ್ನುವವರು ಬಹಳ ಜನ.

ಬ್ಯಾಟರಿ ಕಳಚಿಟ್ಟು ಡ್ಯಾಶಿನ ಹಿಂದೆ ಕೈ ಹಾಕಿದೆ. ಕರಿ ವಯರಿನ ಬಳೆಯ ಮೇಲೆ ಹಸಿರು ಕಿಲುಬು, ಸ್ಕ್ರೂವಿಗೆ ತುಕ್ಕು, ಅದರ ಸುತ್ತ ಹೊಸ ಪೈಂಟು. ಹೌದು, ಶೋಕಿಗೆ ಹೊಡೆಸಿದ ಪೈಂಟು. ಪೈಂಟ್ ಮಾಡುವಾಗ ಸ್ಕ್ರೂ ಬಿಚ್ಚಿ, ಪೈಂಟಿನ ಮೇಲೆಯೇ ಪುನಃ ಬಿಗಿದಿದ್ದರು. ಪೈಂಟಿನ ಮೇಲೆ ಅರ್ತ್ ಕೂರುತ್ತದೋ? ಹೊಗೆ ಕಾಗದದಲ್ಲಿ ತಗಡು ಹೊಳೆಯುವಷ್ಟು ತಿಕ್ಕಿ, ಹೊಸ ಬಳೆಗೆ ವಯರನ್ನು ಈಯದಿಂದ ಬೆಸೆದು, ಹೊಸ ಸ್ಕ್ರೂ ಹಾಕಿ, ಮೇಲಿನಿಂದ ಸ್ವಲ್ಪ ಗ್ರೀಸು ಸವರಿದೆ. ಉಪ್ಪಳ ಸಮುದ್ರದ ಬದಿ. ನಮ್ಮ ಗಾಳಿಯಲ್ಲಿ ಉಪ್ಪಿದೆ. ತಾಮ್ರ ಇಲ್ಲಿ ಬರಿ ಮೈಯಲ್ಲಿ ಎರಡು ಮಳೆಗಾಲ ಬಾಳುವುದಿಲ್ಲ.

ಮತ್ತೆ ಮೋಟರನ್ನೂ ಬಿಚ್ಚಿದೆ. ಆ ಕಾರಿನಲ್ಲಿ ಮೋಟರು ಒಂದು ಹಲ್ಲಿನ ಕೇಬಲನ್ನು ಪೈಪಿನೊಳಗೆ ಹಿಂದೆ ಮುಂದೆ ಎಳೆಯುತ್ತದೆ, ಆ ಕೇಬಲು ಎರಡು ಸಣ್ಣ ಚಕ್ರಗಳನ್ನು ತಿರುಗಿಸುತ್ತದೆ, ಚಕ್ರಕ್ಕೆ ಕಡ್ಡಿ. ಪೈಪಿನೊಳಗೆ ಗ್ರೀಸು ಗಟ್ಟಿ ಜೋನಿಬೆಲ್ಲದ ಹಾಗೆ ಆಗಿತ್ತು. ಯಾರೋ ತೆಂಗಿನೆಣ್ಣೆ ಬಿಟ್ಟಿದ್ದರು! ತೆಂಗಿನೆಣ್ಣೆ ತಲೆಗೆ ಒಳ್ಳೆಯದು, ಯಂತ್ರಕ್ಕೆ ಅಂಟು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಹಾಕಿದೆ. ಕಾರ್ಬನ್ ಅರ್ಧಕ್ಕರ್ಧ ಬಾಕಿ ಇತ್ತು. ತಾಮ್ರದ ಸುತ್ತಿಗೆ ನಯವಾದ ಉಜ್ಜುಕಾಗದ ಎರಡು ಸುತ್ತು, ಅಷ್ಟೆ. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದನ್ನು ಕಂಡು ನನ್ನ ಮೈ ಉರಿಯಿತು. ಗ್ರೀಸು ಒಣಗಿ ಮೋಟರಿಗೆ ಭಾರ ಆದಾಗ ಫ್ಯೂಸು ಹೋಗುತ್ತದೆ. ಅದು "ನನ್ನಲ್ಲಿ ಒಂದು ರೋಗ ಉಂಟು, ನೋಡಿ" ಎಂದು ಹೇಳುವ ಮಾತು. ಅದರ ಬಾಯಿಗೆ ಬೆಳ್ಳಿ ಕಾಗದ ತುರುಕಿದರೆ ಮುಂದೆ ವಯರು ಉರಿಯುತ್ತದೆ, ಮತ್ತೆ ಗಾಡಿ.

ಎಲ್ಲ ಸೇರಿ ಆದ ಖರ್ಚು: ಫ್ಯೂಸು, ವಯರು, ಗ್ರೀಸು, ಎರಡು ಹೊಸ ರಬ್ಬರು. ಮದುವೆಯ ದಿನ ಬಾನೆಟ್ಟಿಗೆ ಹಾಕಿದ ಸೇವಂತಿಗೆ ಮಾಲೆಗಿಂತ ಕಮ್ಮಿ. ಹೊತ್ತು: ಬೆಳಗ್ಗಿನ ಚಾದಿಂದ ಮಧ್ಯಾಹ್ನದ ಊಟದವರೆಗೆ. ಆ ಹೆಂಗಸಿನ ಕೈಗೆ ಇಷ್ಟು ಬೆಲೆ.

ಈಗ ಶೋಕಿಯವರಿಗೆ ಕೇಳುತ್ತೇನೆ. ನೀವು ಹಳೆ ಕಾರನ್ನು ಪ್ರೀತಿಸುವವರೋ, ಹಳೆ ಕಾರಿನ ಎದುರು ನಿಂತ ನಿಮ್ಮ ಫೋಟೋವನ್ನು ಪ್ರೀತಿಸುವವರೋ? ಅಂಬಾಸಿಡರ್ ಎಂದರೆ ನಮ್ಮ ಊರಿನಲ್ಲಿ ಬಾಣಂತಿಯನ್ನೂ ಹೆಣವನ್ನೂ ಹೊತ್ತ ಗಾಡಿ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಬಂಗಾಲದ ಉತ್ತರಪಾರದಲ್ಲಿ ಮಾಡುತ್ತಿದ್ದರು, 2014ರಲ್ಲಿ ನಿಲ್ಲಿಸಿದರು. ಐವತ್ತು ವರ್ಷಕ್ಕೂ ಮೀರಿ ಓಡಿದ್ದು ಅದು ಚಂದ ಇತ್ತು ಎಂದಲ್ಲ, ಯಾವ ಊರಿನಲ್ಲಿಯೂ ರಿಪೇರಿ ಆಗುತ್ತಿತ್ತು ಎಂದು. ರಿಪೇರಿ ತೆಗೆದರೆ ಅಂಬಾಸಿಡರಿನಲ್ಲಿ ಉಳಿಯುವುದು ತಗಡು.

ಕೆಲವರು ಕಾನೂನು ಹೇಳುತ್ತಾರೆ. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ಬೇರೆಯೇ ನಿಯಮ ಮಾಡಿದೆ, 20,000 ರೂಪಾಯಿ ಕಟ್ಟಿದರೆ ವಿಎ ಎಂಬ ಅಕ್ಷರದ ನಂಬರು ಸಿಗುತ್ತದೆ. ಸರಿ. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಲ್ಲ. ಇತ್ತ 1989ರ ಮೋಟಾರು ವಾಹನ ನಿಯಮದಲ್ಲಿ ವೈಪರಿಗೆಂದೇ ಒಂದು ನಿಯಮ ಉಂಟು, ಎದುರು ಗ್ಲಾಸಿದ್ದ ಗಾಡಿಗೆ ಕೆಲಸ ಮಾಡುವ ವೈಪರ್ ಇರಲೇಬೇಕೆಂದು. ಇದ್ದರೆ ಸಾಲದು, ಕೆಲಸ ಮಾಡಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕಾಸರಗೋಡಿನಲ್ಲಿ ಇದನ್ನು ಕಾನೂನು ಹೇಳಿಕೊಡಬೇಕಾ ಮಾರಾಯ್ರೆ!

ಇನ್ನು ಕೆಲವರು, "ಹಳೇದು ಗುಜರಿಗೆ ಹಾಕಿ, ಹೊಸದು ತೆಗೆಯಿರಿ, ಅದರಲ್ಲಿ ಮಳೆ ಬಂದರೆ ವೈಪರ್ ತನ್ನಿಂದ ತಾನೇ ಓಡುತ್ತದೆ" ಎನ್ನುತ್ತಾರೆ. ತೆಗೆಯುವವರು ತೆಗೆಯಲಿ. ಹೊಸದರ ತಾಮ್ರಕ್ಕೂ ಕಿಲುಬು ಹಿಡಿಯುತ್ತದೆ. ಆರು ಪಥದ ಹೆದ್ದಾರಿಯಲ್ಲಿ ಲಾರಿಯ ಚಕ್ರದಿಂದ ಹಾರಿದ ಕೆಸರು ನೀರು ಹೊಸ ಗ್ಲಾಸು ಹಳೆ ಗ್ಲಾಸು ಎಂದು ನೋಡುವುದಿಲ್ಲ. ಹೊಸ ಗಾಡಿಯಲ್ಲಿಯೂ ಎಷ್ಟು ಜನ ಬೇಸಗೆಯಲ್ಲಿ ಒಣಗಿ ಸಿಡಿದ ರಬ್ಬರಿನಲ್ಲೇ ಮಳೆಗಾಲ ಕಳೆಯುತ್ತಾರೆ, ನಿಮ್ಮ ಕೇರಿಯಲ್ಲಿಯೇ ಲೆಕ್ಕ ಹಾಕಿ.

ವೈಪರನ್ನು ಹಗುರಕ್ಕೆ ನೋಡುವುದು ನಮ್ಮವರು ಮಾತ್ರ ಅಲ್ಲ. ನಮ್ಮ ವಾಚನಾಲಯದ ಪುಸ್ತಕದಿಂದ ಮಾಷ್ಟ್ರು ಓದಿ ಹೇಳಿದ್ದು: ಗ್ಲಾಸು ಒರಸುವ ಈ ಉಪಾಯಕ್ಕೆ 1903ರಲ್ಲಿ ಅಮೇರಿಕದಲ್ಲಿ ಹಕ್ಕುಪತ್ರ ಪಡೆದದ್ದು ಮೇರಿ ಆಂಡರ್ಸನ್ ಎಂಬ ಹೆಂಗಸು. ನ್ಯೂಯಾರ್ಕಿನಲ್ಲಿ ಚಳಿಗೆ ಟ್ರಾಮಿನ ಡ್ರೈವರು ಕಿಟಿಕಿ ತೆರೆದು ಕಷ್ಟಪಡುವುದನ್ನು ಕಂಡು ಅವರಿಗೆ ಹೊಳೆದದ್ದಂತೆ. ಒಳಗಿನಿಂದ ಹಿಡಿ ತಿರುಗಿಸಿದರೆ ಹೊರಗೆ ರಬ್ಬರು ಒರಸುವುದು, ನಮ್ಮ ಜೀಪಿನ ಹಿಡಿಯ ಹಾಗೆಯೇ. ಕೆನಡಾದ ಒಂದು ಕಂಪೆನಿ ಇದರಿಂದ ವ್ಯಾಪಾರ ಆಗಲಿಕ್ಕಿಲ್ಲ ಎಂದು ಬೇಡ ಹೇಳಿತಂತೆ. ಅವರಿಗೆ ಅದರಿಂದ ಕಾಸು ಬರಲಿಲ್ಲ. ಬೇಡ ಹೇಳಿದವರ ಮಾತಿಗೂ ನಮ್ಮ ಭಾವ "ಮದುವೆ ಒಂದು ಕಳೆಯಲಿ" ಅಂದದ್ದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಗ್ಯಾರೇಜಿನ ಹುಡುಗನ ಮೇಲೆ ನನಗೆ ಸಿಟ್ಟು ಉಂಟು, ಆದರೆ ಅರ್ಧ ಮಾತ್ರ. ಅವನು ನಮ್ಮದೇ ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸು ಪಾಸಾದವ. ಉಳಿದರ್ಧ ಸಿಟ್ಟು ಮಾಷ್ಟ್ರುಗಳ ಮೇಲೆ, ಟೀಚರುಗಳ ಮೇಲೆ. ದೊಡ್ಡ ಮಾತಾಯಿತು, ಕ್ಷಮಿಸಿ, ಆದರೆ ಹೇಳಿಯೇ ಹೇಳುತ್ತೇನೆ. ಮೊಮ್ಮಗಳ ವಿಜ್ಞಾನ ಪುಸ್ತಕದಲ್ಲಿ ಭೂಸಂಪರ್ಕ ಎಂದು ಇದೆ. ಅವಳು ಅದನ್ನು ಬಾಯಿಪಾಠ ಹೇಳುತ್ತಾಳೆ. ಗ್ಯಾರೇಜಿನಲ್ಲಿ ಅರ್ತ್ ಎನ್ನುತ್ತಾರೆ. ಮೊಮ್ಮಗಳಿಗೆ ಅರ್ತ್ ಗೊತ್ತಿಲ್ಲ, ಹುಡುಗನಿಗೆ ಭೂಸಂಪರ್ಕ ಮರೆತಿದೆ. ನಾನು ಅವಳಿಗೆ ಕಾರಿನ ಅರ್ತ್ ತೋರಿಸಿದಾಗ ಅವಳು, "ಅಜ್ಜ, ಟಯರು ರಬ್ಬರು ಅಲ್ವಾ, ಕರೆಂಟು ಭೂಮಿಗೆ ಹೇಗೆ ಹೋಗ್ತದೆ?" ಎಂದು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ಭೂಮಿಗೆ ಹೋಗುವುದೇ ಇಲ್ಲ. ಕಾರಿನಲ್ಲಿ ಬಾಡಿಯೇ ಬ್ಯಾಟರಿಗೆ ಮರಳುವ ವಯರು. ಒಂದು ವಯರಿನ ಖರ್ಚು ಉಳಿಸಲಿಕ್ಕೆ ಇಡೀ ತಗಡನ್ನೇ ವಯರು ಮಾಡಿದ್ದು. ಆದ್ದರಿಂದಲೇ ತಗಡಿಗೆ ತುಕ್ಕು ಹಿಡಿದರೆ ಲೈಟು ಮಂಕು, ಹಾರ್ನು ಮೂಗ, ವೈಪರು ಹೆಳವ. ಈ ಪ್ರಶ್ನೆಯನ್ನು ಅವಳು ಕ್ಲಾಸಿನಲ್ಲಿ ಯಾಕೆ ಕೇಳಲಿಲ್ಲ ಎಂದರೆ, ಕ್ಲಾಸಿನಲ್ಲಿ ಕಾರು ಇರಲಿಲ್ಲ, ಬೋರ್ಡು ಇತ್ತು.

ವೃತ್ತಿ ಪರಿಚಯ ಮೇಳದಲ್ಲಿ ನಮ್ಮ ಮಕ್ಕಳು ಹಲಗೆಯ ಮೇಲೆ ವಯರಿಂಗ್ ಮಾಡಿ ಪ್ರೈಸು ತರುತ್ತಾರೆ. ಸಂತೋಷ. ನಾನೂ ಚಪ್ಪಾಳೆ ಹೊಡೆದಿದ್ದೇನೆ. ಆ ಹಲಗೆಯಲ್ಲಿ ಎಲ್ಲ ಹೊಸದು, ಎಲ್ಲ ಸರಿ ಇರುವಂಥದ್ದು. ಸರಿ ಇರುವುದನ್ನು ಜೋಡಿಸಲಿಕ್ಕೆ ಕಲಿಸಿದ್ದೀರಿ, ಕೆಟ್ಟದ್ದರಲ್ಲಿ ಕೆಟ್ಟ ಜಾಗ ಹುಡುಕಲಿಕ್ಕೆ ಯಾರು ಕಲಿಸುವುದು? ಒಂದು ಹಲಗೆಯಲ್ಲಿ ಬೇಕೆಂತಲೇ ಒಂದು ಸ್ಕ್ರೂವಿನ ಅಡಿಗೆ ಪೈಂಟು ಬಳಿದು ಕೊಡಿ. ಪ್ರೈಸು ಅದನ್ನು ಕಂಡುಹಿಡಿದವರಿಗೆ ಕೊಡಿ.

ನಾನು ಹಾಡುವ ಪಾಡ್ದನವನ್ನು ರೆಕಾರ್ಡು ಮಾಡಿಕೊಳ್ಳಲಿಕ್ಕೆ ಕಾಲೇಜಿನವರು ಬರುತ್ತಾರೆ, ಉಳಿಸಬೇಕು ಎನ್ನುತ್ತಾರೆ. ಒಳ್ಳೆಯದೇ. ಆದರೆ ಸಾಹೇಬರ ಕೈಯಲ್ಲಿದ್ದದ್ದು, ಡ್ಯಾಶಿನ ಹಿಂದೆ ಕಣ್ಣಿಗೆ ಕಾಣದ ಕಡೆ ಬೆರಳಿನಿಂದ ಹುಡುಕಿ ಸಡಿಲ ವಯರು ಹಿಡಿಯುವ ಆ ವಿದ್ಯೆ, ಅದನ್ನು ಉಳಿಸಲಿಕ್ಕೆ ಒಬ್ಬರೂ ಬರಲಿಲ್ಲ. ಸಾಹೇಬರು ತೀರಿಹೋದರು. ನನಗೆ ಅರವತ್ತಾರು.

ಆ ಹೆಂಗಸಿನ ಮನೆಗೆ ನಾನು ತಿಂಗಳಿಗೆ ಒಂದು ಸಲ ಹೋಗುತ್ತೇನೆ. ಕೈ ಕೂಡಿದೆ, ಆದರೆ ಬೆರಳು ಮೊದಲಿನ ಹಾಗೆ ಮಡಚುವುದಿಲ್ಲ, ಬೀಡಿಯ ಲೆಕ್ಕ ಅರ್ಧಕ್ಕೆ ಇಳಿದಿದೆ. ಹೋದ ಸಲ ಅವರು ಕೇಳಿದ್ದು, "ಕಾರು ಸರಿ ಆಯಿತಾ ಅಣ್ಣೇರೇ?" ಎಂದು. ಆಯಿತು ಎಂದೆ.

ಭಾವನ ಕಾರಿನದ್ದೇ ಜಾತಿಯ ಒಂದು ಹಳೆ ವೈಪರ್ ಮೋಟರು ಗುಜರಿಯಲ್ಲಿ ಸಿಕ್ಕಿತು. ಅದರ ಜತೆಗೆ ಕೇಬಲು, ಚಕ್ರ, ಸ್ವಿಚ್ಚು, ಒಂದು ಟೆಸ್ಟರ್ ಬಲ್ಬು ಎಲ್ಲ ಒಂದು ಹಲಗೆಯ ಮೇಲೆ ಕೂರಿಸಿ ವಾಚನಾಲಯದ ಹಿಂದಿನ ಜಗಲಿಯಲ್ಲಿ ಇಟ್ಟಿದ್ದೇನೆ. ಅದರಲ್ಲಿ ಒಂದು ದೋಷವೂ ಉಂಟು, ನಾನೇ ಮಾಡಿಟ್ಟದ್ದು. ಆದಿತ್ಯವಾರ ಹಾಲು ಡಿಪ್ಪೋಗೆ ಹಾಕಿ ಬಂದ ಮೇಲೆ ನಾನು ಅಲ್ಲಿರುತ್ತೇನೆ. ಮಾಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಬನ್ನಿ. ಗ್ಯಾರೇಜಿನ ಹುಡುಗನಿಗೂ ಹೇಳಿ ಕಳಿಸಿದ್ದೇನೆ. ಪತ್ತನಾಜೆಗೆ ಇನ್ನು ಏಳು ವಾರ ಉಂಟು.